ಸುಂಡೆಕಾಯಿಯಷ್ಟು ಭೂಮಿ

ಹುಣಸೂರು ಪಟ್ಟಣ ಮುಗಿದು ಹೆಗ್ಗಡದೇವನಕೋಟೆ ರಸ್ತೆ ಶುರುವಾಗುವ ಕಡೆ ಒಂದು ಸರ್ಕಾರಿ ಶಾಲೆ. ಏಳನೇ ತರಗತಿಯ ಮಕ್ಕಳು 70 ಸೆಂಟಿಮೀಟರ್ ಹಗ್ಗ ಹಿಡಿದು ಅದರ ಕಾಂಪೌಂಡ್ ಗೋಡೆಯ ಮೇಲೆ ದುಂಡಗೆ ಗೆರೆ ಎಳೆದು, ಒಳಗೆಲ್ಲ ಹಳದಿ ಬಣ್ಣ ಬಳಿದಿದ್ದಾರೆ. ಅದೇ ಸೂರ್ಯ. ಲೆಕ್ಕ ಸುಲಭ: ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮೀಟರ್, ಸಾವಿರ ಕಿಲೋಮೀಟರಿಗೆ ಒಂದು ಮಿಲಿಮೀಟರ್. ಗ್ರಹಗಳ ಗಾತ್ರಕ್ಕೂ ಅದೇ ಅಳತೆ, ನಡುವಿನ ದೂರಕ್ಕೂ ಅದೇ. ನಾನು ಬಂದದ್ದು ಆ ಎರಡನೆಯ ಮಾತಿಗಾಗಿ.

ಸೌರವ್ಯೂಹದ ಪ್ರಾಜೆಕ್ಟ್ ಎಂದರೆ ನಮ್ಮಲ್ಲಿ ಥರ್ಮಾಕೋಲ್ ಉಂಡೆಗಳನ್ನು ಕೊಂಡು ತಂದು ತಂತಿಗೆ ಪೋಣಿಸುವುದು. ಒಂದು ಮೊಳದೊಳಗೆ ಎಂಟೂ ಗ್ರಹಗಳು ಮದುವೆ ಪಂಕ್ತಿಯಂತೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತವೆ. ಪಠ್ಯಪುಸ್ತಕದ ಚಿತ್ರವೂ ಹಾಗೆಯೇ. ನೆಪ್ಚೂನನ್ನು ಪುಟದ ಅಂಚಿಗೆ ತಂದು ನಿಲ್ಲಿಸಿದರೆ ಅದೇ ಅಳತೆಯಲ್ಲಿ ಸೂರ್ಯ ಒಂದು ಕೂದಲೆಳೆಯ ದಪ್ಪ ಆಗಬೇಕು, ಭೂಮಿ ಕಣ್ಣಿಗೇ ಬೀಳಬಾರದು. ಹಾಗೆ ಅಚ್ಚು ಹಾಕಲಾಗದು, ನಿಜ. ಆದರೆ ಆಕಾಶದಲ್ಲಿ ಇರುವುದೆಲ್ಲ ಬಹುಪಾಲು ಬಯಲೇ ಎಂಬುದು ಮಗುವಿಗೆ ಗೊತ್ತಾಗದೆ ಹೋಗುತ್ತದೆ. ಅದು ಗೊತ್ತಾಗಬೇಕಾದರೆ ಕಾಲಿನಿಂದಲೇ ಗೊತ್ತಾಗಬೇಕು.

ಮಕ್ಕಳ ಚೀಲದಲ್ಲಿ ಇದ್ದದ್ದೆಲ್ಲ ಅವರವರ ಮನೆ, ಹಿತ್ತಿಲು, ಸಂತೆಯ ಸಾಮಾನು. ಐದು ಮಿಲಿಮೀಟರಿನ ಕರಿಮೆಣಸು ಬುಧ. ಸುಂಡೆಕಾಯಿ ಎರಡು: ಹನ್ನೆರಡು ಮಿಲಿಮೀಟರಿನದು ಶುಕ್ರ, ಕೂದಲೆಳೆ ದೊಡ್ಡದು ಭೂಮಿ. ಒಣ ಬಟಾಣಿ ಮಂಗಳ. 14 ಸೆಂಟಿಮೀಟರಿನ ಚಕ್ಕೋತ ಗುರು. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ ಶನಿ, ನಡುವೆ ತೂತು ಕೊರೆದ ಮುತ್ತುಗದ ಊಟದೆಲೆ ಅದರ ಉಂಗುರ. ಯುರೇನಸ್, ನೆಪ್ಚೂನ್ ಎರಡಕ್ಕೂ ನಿಂಬೆಹಣ್ಣು.

ಗೋಡೆಯಿಂದ 58 ಮೀಟರಿಗೆ ಮೆಣಸು ಇಟ್ಟೆವು. 108ಕ್ಕೆ ಮೊದಲ ಸುಂಡೆಕಾಯಿ. ರಸ್ತೆಯ ಆಚೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇತ್ತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಮಕ್ಕಳಿಗೆ ಬ್ಯಾರನ್ನಿನ ಕಾವು ಹೇಳಿಕೊಡಬೇಕಿಲ್ಲ; ಎಲೆಯ ನರ ಒಣಗಿಸುವ ಕೊನೆಯ ಹದದಲ್ಲಿ ಒಳಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್, ಬಾಗಿಲು ತೆರೆದರೆ ಮುಖಕ್ಕೆ ರಪ್ಪೆಂದು ಬಡಿಯುತ್ತದೆ. ಶುಕ್ರನ ನೆಲದಲ್ಲಿ ಅದು 460 ದಾಟುತ್ತದೆ. ಸೂರ್ಯನಿಗೆ ಹತ್ತಿರ ಇರುವ ಬುಧನಿಗಿಂತಲೂ ಹೆಚ್ಚು. ಬ್ಯಾರನ್ನಿಗೆ ಸೌದೆ ಹಾಕಬೇಕು. ಶುಕ್ರನಲ್ಲಿ ದಟ್ಟ ಇಂಗಾಲದ ಡೈಆಕ್ಸೈಡ್ ಹೊದಿಕೆ ಬಂದ ಬಿಸಿಯನ್ನು ಹೊರಗೆ ಬಿಡುವುದೇ ಇಲ್ಲ. ಅಪ್ಪನ ಜೊತೆ ಬ್ಯಾರನ್ ಕಾದು ಗೊತ್ತಿದ್ದ ಹುಡುಗನೊಬ್ಬ ಆ ಸುಂಡೆಕಾಯಿಯನ್ನೇ ದಿಟ್ಟಿಸುತ್ತ ನಿಂತ.

150 ಮೀಟರಿನಲ್ಲಿ ಭೂಮಿ. ಇಲ್ಲಿ ತುಂಬ ಹೊತ್ತು ನಿಂತೆವು. ಮೇಷ್ಟ್ರು ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿದರು. ಇಲ್ಲಿಂದ ಆ ಹಳದಿ ವೃತ್ತ ಎಷ್ಟು ಕಾಣುತ್ತದೋ ಆಕಾಶದ ಸೂರ್ಯ ನಮಗೆ ಕಾಣುವುದೂ ಅಷ್ಟೇ. ಕೈ ನೀಡಿ ಕಿರುಬೆರಳೆತ್ತಿದರೆ ಉಗುರಿನ ಹಿಂದೆ ಅಡಗಿಬಿಡುತ್ತದೆ. ಆಮೇಲೆ ಪೊರಕೆ ಕಡ್ಡಿಯ ತುದಿಗೆ ಅಂಟಿಸಿದ ಒಂದು ಕೊತ್ತಂಬರಿ ಬೀಜ ಬಂತು. ಮೂರೂವರೆ ಮಿಲಿಮೀಟರ್, ಚಂದ್ರ. ಅದರ ಜಾಗ ಭೂಮಿಯಿಂದ 38 ಸೆಂಟಿಮೀಟರ್, ಜಾಮಿಟ್ರಿ ಬಾಕ್ಸಿನ ದೊಡ್ಡ ಸ್ಕೇಲಿಗಿಂತ ಒಂದು ಗೇಣೂ ಹೆಚ್ಚಿಲ್ಲ. ಮನುಷ್ಯ ಈವರೆಗೆ ಹೋಗಿಬಂದಿರುವ ದೂರ ಅಷ್ಟೇ. 2023ರ ಆಗಸ್ಟ್ 23ರ ಸಂಜೆ ನಮ್ಮ ಚಂದ್ರಯಾನ-3 ಇಳಿದದ್ದೂ ಆ ಬೀಜದ ಮೇಲೆಯೇ.

ಒಂದು ಕಣ್ಣು ಮುಚ್ಚಿ ಆ ಬೀಜವನ್ನು ವೃತ್ತದ ಎದುರಿಗೆ ಹಿಡಿಯಬೇಕು. ಸ್ವಲ್ಪ ಹತ್ತಿರ ತಂದರೆ ಹಳದಿ ಪೂರ್ತಿ ಮಾಯ. ನಾಲ್ಕು ಬೆರಳು ದೂರ ಸರಿಸಿದರೆ ಸುತ್ತ ಮಸುಕಾದ ಬಳೆ. 1.4 ಮೀಟರ್ ಸೂರ್ಯನನ್ನು ಒಂದು ಕೊತ್ತಂಬರಿ ಬೀಜ ಮುಚ್ಚುವುದು, ಒಂಚೂರು ದೂರವಾದರೆ ಮುಚ್ಚಲಾಗದೆ ಬಳೆ ಬಿಡುವುದು. ಗ್ರಹಣವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ತಿಳಿಸಿರಲಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಾಗರಹೊಳೆ ಕಾಡಿನ ಆಚೆ ಅಂಚಿನ ಕುಟ್ಟದಲ್ಲಿ ಜನ ಕಂಡದ್ದು ಇಂಥದೇ ಬಳೆ. ಈ ಮಕ್ಕಳಿಗೆ ಆಗ ಅದರ ನೆನಪು ಉಳಿಯುವ ವಯಸ್ಸಲ್ಲ. ಒಬ್ಬೊಬ್ಬರೂ ಎರಡೆರಡು ಸಲ ಸಾಲಿಗೆ ಬಂದರು.

ಮಂಗಳ 228 ಮೀಟರಿನಲ್ಲಿ. ಸುಂಡೆಕಾಯಿಯಿಂದ ಬಟಾಣಿಗೆ 78 ಮೀಟರ್. ಅಷ್ಟಕ್ಕೆ ಸುತ್ತು ದಾರಿಯಲ್ಲಿ ಹೊರಟ ಮಂಗಳಯಾನ 2013ರ ನವೆಂಬರ್ 5ರಿಂದ 2014ರ ಸೆಪ್ಟೆಂಬರ್ 24ರವರೆಗೆ ಸಾಗಿತು.

ಅಲ್ಲಿಗೆ ಊರು ಮುಗಿಯಿತು, ಬಯಲು ಶುರುವಾಯಿತು. ನಡೆದೆವು, ನಡೆದೆವು, ಏನೂ ಇಲ್ಲ. ಕೊಯ್ದು ಗುಡ್ಡೆ ಹಾಕಿದ ರಾಗಿ, ಒಂದು ಕೆರೆ ಏರಿ, ಎದುರಿಗೆ ಬಂದ ಬಸ್ಸು. 778 ಮೀಟರಿಗೆ ಚಕ್ಕೋತ. ನಡುವಿನ ಈ ಬಯಲಲ್ಲಿ ಲಕ್ಷಗಟ್ಟಲೆ ಕ್ಷುದ್ರಗ್ರಹಗಳಿವೆ, ಎಲ್ಲವನ್ನೂ ತೂಗಿದರೂ ಆ ಕೊತ್ತಂಬರಿ ಬೀಜದ ತೂಕ ಬರುವುದಿಲ್ಲ. ಬೆಳಕಿನ ಮಾತು ಬಂದದ್ದೂ ಇಲ್ಲೇ. ಈ ಅಳತೆಯಲ್ಲಿ ಬೆಳಕು ಸೆಕೆಂಡಿಗೆ 30 ಸೆಂಟಿಮೀಟರ್, ಅಂದರೆ ಒಂದು ಸ್ಕೇಲಿನಷ್ಟು ದೂರ ಸಾಗುತ್ತದೆ. ಒಬ್ಬ ಹುಡುಗಿ ಪಾದಕ್ಕೆ ಪಾದ ಹಚ್ಚಿ, ಎಣಿಸುತ್ತ, ಬೆಳಕಿನ ವೇಗದಲ್ಲಿ ಬರಲು ನೋಡಿದಳು. ಐವತ್ತು ಎಣಿಸುವಷ್ಟರಲ್ಲಿ ಗೆಳತಿಯರು ಎಷ್ಟೋ ಮುಂದಿದ್ದರು. ಹಾಗೆ ನಡೆದರೆ ಗೋಡೆಯಿಂದ ಸುಂಡೆಕಾಯಿಗೆ ಎಂಟೂಕಾಲು ನಿಮಿಷ, ಕೊನೆಯ ನಿಂಬೆಹಣ್ಣಿಗೆ ನಾಲ್ಕು ತಾಸಿನ ಮೇಲೆ.

1.4 ಕಿಲೋಮೀಟರಿಗೆ ಶನಿ. ಮುತ್ತುಗದ ಎಲೆ ಅಗಲಕ್ಕೆ ಸರಿಹೋಗಿದೆ, ದಪ್ಪಕ್ಕಲ್ಲ. ನಿಜವಾದ ಉಂಗುರಗಳು ಹೆಚ್ಚಿನ ಕಡೆ ಹತ್ತಾರು ಮೀಟರಷ್ಟೇ ದಪ್ಪ. ಅಷ್ಟು ತೆಳ್ಳಗಿನ ಎಲೆ ಯಾವ ಮರದಲ್ಲೂ ಬಿಡದು. ವಾರದ ಹೆಸರಲ್ಲಿರುವ ಗ್ರಹಗಳು ಇಲ್ಲಿಗೆ ಮುಗಿದವು. ಮುಂದಿನವು ದೂರದರ್ಶಕಕ್ಕೆ ಸಿಕ್ಕವು: ಯುರೇನಸ್ 1781ರಲ್ಲಿ, ನೆಪ್ಚೂನ್ 1846ರಲ್ಲಿ. 2.9 ಕಿಲೋಮೀಟರ್, 4.5 ಕಿಲೋಮೀಟರ್. ಕೊನೆಯ ನಿಂಬೆಹಣ್ಣನ್ನು ಒಂದು ಮೈಲಿಗಲ್ಲಿನ ಮೇಲೆ ಇಟ್ಟಾಗ ಎಲ್ಲರ ಕಾಲೂ ಧೂಳು. ಹಳದಿ ಸೂರ್ಯ ಯಾವಾಗಲೋ ಕಣ್ಮರೆಯಾಗಿದ್ದ.

ಸೂರ್ಯನನ್ನು ಕೆ.ಆರ್. ನಗರದಲ್ಲಿ ಇಡಬೇಕಿತ್ತು ಎಂದು ನನಗೆ ಅನ್ನಿಸಿತ್ತು. ಹಳೆಯ ಯಡತೊರೆಯ ಅರ್ಕೇಶ್ವರನ ಹೆಸರಲ್ಲೇ ಸೂರ್ಯನಿದ್ದಾನೆ, ರಥಸಪ್ತಮಿಗೆ ಅಲ್ಲಿ ತೇರು. ಆದರೆ ಮೇಷ್ಟ್ರು ಗೋಡೆಗೆ ಒರಗಿಸಿದ್ದ ಭೂಪಟ ನೋಡಿದ ಮೇಲೆ ಹುಣಸೂರೇ ಸರಿ ಎನಿಸಿತು. ನೇರ ಗೆರೆ ಎಳೆದರೆ ಇಲ್ಲಿಂದ ಕೆ.ಆರ್. ನಗರ ಸುಮಾರು 17 ಕಿಲೋಮೀಟರ್. ಮಾತು ನಿಲ್ಲಿಸಿ ಮೂವತ್ತು ವರ್ಷ ಕಳೆದರೂ ಹೋಗುತ್ತಲೇ ಇರುವ ಪಯನೀರ್-11 ನೌಕೆ ಈಗ ಅಷ್ಟು ದೂರದಲ್ಲಿದೆ. ಪಿರಿಯಾಪಟ್ಟಣ ಸುಮಾರು 21. ಯುರೇನಸ್, ನೆಪ್ಚೂನ್ ಎರಡನ್ನೂ ಹತ್ತಿರದಿಂದ ಕಂಡ ಒಂದೇ ನೌಕೆ ವಾಯೇಜರ್-2 ಅಲ್ಲಿ. ಕೋಟೆ ಸುಮಾರು 25. 1977ರಲ್ಲಿ ಹೊರಟ ವಾಯೇಜರ್-1 ಅಲ್ಲಿಗೆ ಮುಟ್ಟಿದೆ. ಮನುಷ್ಯ ಕಳಿಸಿದ ಯಾವ ವಸ್ತುವೂ ಅದಕ್ಕಿಂತ ಆಚೆ ಹೋಗಿಲ್ಲ.

ಹಿಂದಿರುಗುವಾಗ ಹುಡುಗಿಯೊಬ್ಬಳು ಪಕ್ಕದ ನಕ್ಷತ್ರ ಯಾವ ಊರಲ್ಲಿ ಬರುತ್ತದೆ ಎಂದು ಕೇಳಿದಳು. ಮೇಷ್ಟ್ರು ರಸ್ತೆ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನ ಮೇಲೆ ಗುಣಿಸಿದರು. ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ. ಉತ್ತರ 40 ಸಾವಿರ ಕಿಲೋಮೀಟರ್ ಬಂತು. ಅಂದರೆ ಕೋಟೆ ದಾಟಿ, ಕಾಡು ದಾಟಿ, ಸಮುದ್ರ ದಾಟಿ, ಎಲ್ಲೂ ನಿಲ್ಲದೆ ಭೂಮಿಯನ್ನೆಲ್ಲ ಒಂದು ಸುತ್ತು ಹಾಕಿ, ಇದೇ ಶಾಲೆಯ ಗೋಡೆಗೆ ಹಿಂದಿನಿಂದ ಬಂದು ಮುಟ್ಟಬೇಕು.