ಲಕ್ಷ ವೋಲ್ಟ್ ಕಾಯುವ 55 ಸೆಲ್

‘ತ್ರೈಮಾಸಿಕ ನಿರ್ವಹಣೆ ಕಾಮಗಾರಿ ಇರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ.’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಪತ್ರಿಕೆಗಳ ಒಳಪುಟದಲ್ಲಿ ಇಂಥ ಸಾಲುಗಳು ಮೇಲಿಂದ ಮೇಲೆ ಬರುತ್ತವೆ. ಪಟ್ಟಿಯಲ್ಲಿ ನಮ್ಮೂರಿನ ಹೆಸರಿದೆಯೇ ಎಂದು ನೋಡಿ ಪುಟ ತಿರುವುತ್ತೇವೆ. ಆ ಏಳು ತಾಸಿನಲ್ಲಿ ಸಬ್‌ಸ್ಟೇಷನ್ನಿನ ಬೇಲಿಯೊಳಗೆ ಸಿಬ್ಬಂದಿ ಎಂತೆಂಥ ಅಳತೆಗಳ ಜೊತೆ ಸೆಣಸುತ್ತಾರೆ ಎಂಬುದು ತಿಳಿದರೆ ಬೆರಗಾಗುತ್ತದೆ.

110 ಕೆವಿ ಸ್ಟೇಷನ್ ಎಂದರೆ 1,10,000 ವೋಲ್ಟ್. ಅಲ್ಲಿನ 20 ಎಂವಿಎ ಟ್ರಾನ್ಸ್‌ಫಾರ್ಮರ್ ಒಂದೇ 5 ಎಚ್‌ಪಿಯ ಮೂರು ಸಾವಿರಕ್ಕೂ ಹೆಚ್ಚು ಪಂಪ್‌ಸೆಟ್‌ಗಳನ್ನು ಓಡಿಸಬಲ್ಲದು. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಆ ಮೋಟರುಗಳಿಗೆ ಆಟೋ ಸ್ಟಾರ್ಟರ್ ಬೇರೆ. ತ್ರೀಫೇಸ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು, ಪ್ರತಿಯೊಂದೂ ಮಾಮೂಲಿಯ ಐದಾರು ಪಟ್ಟು ಕರೆಂಟು ಎಳೆಯುತ್ತವೆ. ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿದ್ದಾಗ 110 ಕೆವಿ ಕಡೆ ಹರಿಯುವುದು 105 ಆಂಪಿಯರ್. 11 ಕೆವಿ ಕಡೆ ಅದೇ ಶಕ್ತಿಗೆ 1,050 ಆಂಪಿಯರ್ ಬೇಕು. ನಮ್ಮ ಮೋಟರಿನ 415 ವೋಲ್ಟಿನಲ್ಲೇ ಅಷ್ಟನ್ನೂ ಸಾಗಿಸುವುದಾದರೆ ಸುಮಾರು 28,000 ಆಂಪಿಯರ್ ಆಗುತ್ತಿತ್ತು!

ಈಗ ಆ ಸಾವಿರ ಆಂಪಿಯರಿನ ದಾರಿಯಲ್ಲಿ ಒಂದು ಬೋಲ್ಟ್ ಸಡಿಲಾಗಿದೆ ಎನ್ನೋಣ. ಜೋಡಣೆಯ ರೋಧ ಒಂದು ಓಮ್‌ನ ಸಾವಿರದ ಒಂದು ಪಾಲಿಗೆ ಏರಿದರೂ ಸಾಕು, ಅಲ್ಲಿ ಒಂದು ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಅಂದರೆ ಆ ಕ್ಲ್ಯಾಂಪಿನೊಳಗೆ ಕರೆಂಟಿನ ಒಲೆಯೊಂದು ಹಗಲಿರುಳು ಉರಿದಂತೆ. ಅದಕ್ಕೇ ಜೋಡಣೆಗಳನ್ನು ಮೈಕ್ರೋಓಮ್‌ಗಳಲ್ಲಿ, ಓಮ್‌ನ ಹತ್ತು ಲಕ್ಷದ ಪಾಲುಗಳಲ್ಲಿ, ಅಳೆಯುತ್ತಾರೆ. ಸ್ಪ್ಯಾನರ್ ಹಿಡಿದು ಒಂದೊಂದೇ ಬೋಲ್ಟ್ ಬಿಗಿ ಮಾಡುವ ಆ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಟ್ರಾನ್ಸ್‌ಫಾರ್ಮರ್ ಎಣ್ಣೆಯ ಸಂಗತಿ ಇನ್ನೂ ಸೂಕ್ಷ್ಮ. ಸ್ಯಾಂಪಲ್ ತೆಗೆದು, 2.5 ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡುಗಳ ನಡುವೆ ತುಂಬಿ ವೋಲ್ಟೇಜ್ ಏರಿಸುತ್ತಾರೆ. ಅಷ್ಟೇ ಅಂತರದಲ್ಲಿ ಗಾಳಿಯಿದ್ದರೆ ಏಳೆಂಟು ಸಾವಿರ ವೋಲ್ಟಿಗೆ ಕಿಡಿ ಹಾರುತ್ತದೆ. ಚೊಕ್ಕ ಎಣ್ಣೆ 60,000 ವೋಲ್ಟನ್ನೂ ತಡೆಯುತ್ತದೆ. ಇದನ್ನು ಕೆಡಿಸಲು ಎಷ್ಟು ನೀರು ಬೇಕು? ತೇವ 30 ಪಿಪಿಎಂ ಮುಟ್ಟಿತೆಂದರೆ ಚಿಂತೆಯ ಮಾತು. ಹತ್ತು ಸಾವಿರ ಲೀಟರ್ ಎಣ್ಣೆಯಲ್ಲಿ ಅದು ಸುಮಾರು ಕಾಲು ಲೀಟರ್ ನೀರು, ಅಷ್ಟೇ. ಟ್ರಾನ್ಸ್‌ಫಾರ್ಮರ್ ಉಸಿರಾಡುವ ದಾರಿಯಲ್ಲಿ ಸಿಲಿಕಾ ಜೆಲ್ ತುಂಬಿದ ಗಾಜಿನ ಡಬ್ಬಿ ತೂಗುವುದು ಈ ಕಾಲು ಲೀಟರನ್ನು ತಡೆಯಲು. ನೀಲಿ ಹರಳು ಗುಲಾಬಿಗೆ ತಿರುಗಿತೆಂದರೆ ಬದಲಿಸಬೇಕು. ಮಳೆಗಾಲದಲ್ಲಿ ಅದನ್ನು ಮರೆತರೆ ಕೋಟಿ ಬೆಲೆಯ ಯಂತ್ರಕ್ಕೆ ಸಂಚಕಾರ.

ಬಿಸಿಲಿನ ಲೆಕ್ಕವೂ ಹಾಗೆಯೇ. ಒಳಗೆ ತಂತಿಗೆ ಸುತ್ತಿದ ಕಾಗದ 98 ಡಿಗ್ರಿಯಲ್ಲಿ ಸವೆಯುವ ವೇಗವನ್ನು ಒಂದು ಎಂದು ಹಿಡಿದರೆ, ಪ್ರತಿ 6 ಡಿಗ್ರಿಗೆ ಅದು ಇಮ್ಮಡಿಯಾಗುತ್ತದೆ. 122 ಡಿಗ್ರಿಯಲ್ಲಿ ಒಂದು ದಿನ ಕಳೆದರೆ ಹದಿನಾರು ದಿನದ ಆಯುಷ್ಯ ಖರ್ಚು. ಏಪ್ರಿಲ್‌ನಲ್ಲಿ ಅಥಣಿಯ ಹೊರಗಾಳಿಯೇ 40ರ ಆಸುಪಾಸಿನಲ್ಲಿರುವಾಗ, ಕೆಟ್ಟುನಿಂತ ಒಂದು ಕೂಲಿಂಗ್ ಫ್ಯಾನನ್ನು ಅಂದೇ ರಿಪೇರಿ ಮಾಡುವುದರ ಬೆಲೆ ಇದರಲ್ಲಿ ಗೊತ್ತಾಗುತ್ತದೆ.

ಇಷ್ಟಾದರೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಬ್ಯಾಟರಿ ಕೋಣೆ. ತಂತಿ ಹರಿದು ಬಿದ್ದಾಗ ಸಾವಿರಾರು ಆಂಪಿಯರ್ ನುಗ್ಗುತ್ತದೆ. ರಿಲೇ ಎಂಬ ಕಾವಲು ಸಾಧನ ದೋಷ ಗುರುತಿಸಿ, ಬ್ರೇಕರ್ ತೆರೆಯುವುದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯಬೇಕು, ನಾವು ‘ಹೋತು’ ಅನ್ನುವಷ್ಟರೊಳಗೆ. 11 ಕೆವಿ ವ್ಯಾಕ್ಯೂಮ್ ಬ್ರೇಕರಿನಲ್ಲಿ ಅಷ್ಟು ಕರೆಂಟನ್ನು ತುಂಡರಿಸುವ ಅಂತರ ಒಂದು ಸೆಂಟಿಮೀಟರಿನಷ್ಟು. ಆದರೆ ಆ ಬ್ರೇಕರಿಗೆ ‘ತೆರೆ’ ಎಂದು ಹೇಳುವುದು ಯಾರು? ಸಾಲಾಗಿ ಜೋಡಿಸಿದ ಎರಡೆರಡು ವೋಲ್ಟಿನ 55 ಸೆಲ್‌ಗಳು. ಒಟ್ಟು 110 ವೋಲ್ಟ್. ಒಂದು ಲಕ್ಷ ಹತ್ತು ಸಾವಿರವನ್ನು ಕಾಯುವುದು ಅದರ ಸಾವಿರದ ಒಂದು ಪಾಲು! ಒಂದು ಸೆಲ್ಲಿನ ಕನೆಕ್ಷನ್ ಕಿಲುಬುಗಟ್ಟಿ ಸರಣಿ ಕಡಿದರೂ ಸಾಕು, ದೋಷ ಕಂಡ ರಿಲೇಗೆ ಬ್ರೇಕರನ್ನು ತೆರೆಸುವ ಬಲವೇ ಇರದೆ ಹೋಗಬಹುದು. ಅದಕ್ಕೆಂದೇ ಆಪರೇಟರು ಡಿಸ್ಟಿಲ್ಡ್ ವಾಟರ್ ಹಾಕುತ್ತ, ಹೈಡ್ರೋಮೀಟರ್ ಅದ್ದಿ ಸೆಲ್ ಸೆಲ್ಲಿಗೂ ರೀಡಿಂಗ್ ಬರೆಯುತ್ತಾರೆ.

ಅಂಗಳದ ಜಲ್ಲಿಕಲ್ಲನ್ನೂ ಬರಿ ಕಲ್ಲು ಎನ್ನುವಂತಿಲ್ಲ. 60 ವ್ಯಾಟಿನ ಹಳೆಯ ಬಲ್ಬು ಎಳೆಯುವುದು 250 ಮಿಲಿಆಂಪಿಯರ್; ಎದೆಬಡಿತ ನಿಲ್ಲಿಸಲು ಅದರ ಅರ್ಧವೇ ಸಾಕು. ದೋಷದ ಕರೆಂಟನ್ನು ಭೂಮಿಗಿಳಿಸುವ, ನೆಲದೊಳಗಿನ ಅರ್ಥಿಂಗ್ ಜಾಲದ ರೋಧ ಇಂಥ ದೊಡ್ಡ ಸ್ಟೇಷನ್ನಿನಲ್ಲಿ ಒಂದು ಓಮ್ ಮೀರಬಾರದು. ಆದರೆ ಆ ಕರೆಂಟು ಮೈಗೆ ಹರಿಯದಂತೆ, ಅದರ ಮೇಲೆ ನಿಂತವರ ಕಾಲಡಿ ರೋಧ ಹೆಚ್ಚಿರಬೇಕು. ಒದ್ದೆ ಎರೆಮಣ್ಣಿಗಿಂತ ಒದ್ದೆ ಜಲ್ಲಿಯ ತಡೆ ಕೆಲವು ನೂರು ಪಟ್ಟು. 2005, 2019, 2021ರಂತೆ ಕೃಷ್ಣೆ ಉಕ್ಕಿ ಬಂದಾಗ ರಾಡಿ ಹೊಕ್ಕ ಅಂಗಳದಲ್ಲಿ ಜಲ್ಲಿಯ ಸಂದಿಗೆ ಮಣ್ಣು ಸೇರಿ ಈ ರಕ್ಷಣೆ ಕರಗುತ್ತದೆ. ನೆರೆ ಇಳಿದ ಮೇಲೆ ಕರೆಂಟು ತಡವಾಯಿತೆಂದು ಬೈಯುವ ಮೊದಲು ಇದು ನೆನಪಿರಬೇಕು.

ಕೊನೆಗೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್: ಲೈನ್ ಬಂದ್ ಇದೆ, ಕೆಲಸ ಮಾಡಬಹುದು ಎಂಬ ಅನುಮತಿ. ‘ಸರ, ಫೀಡರ್ ಎಲ್‌ಸಿ ಬೇಕ್ರಿ’ ಎಂದು ಪವರ್‌ಮನ್ ಕೇಳಿದರೆ, ಆಪರೇಟರು ಬಂದ್ ಮಾಡಿ, ವೇಳೆ ಬರೆದು, ‘ಬಂದ್ ಐತಿ, ಅರ್ಥ್ ಹಾಕೇ ಏರ್ರಿ’ ಎನ್ನುತ್ತಾರೆ. ಆ ‘ಹಾಕೇ’ಗೆ ಕಾರಣವಿದೆ. ಉಗಾರದಂಥ ಊರುಗಳ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ತಯಾರಿಸುವ ನಾಡು ಇದು. ಹಂಗಾಮಿನಲ್ಲಿ ದೊಡ್ಡ ಲೈನಿಗೆ ಎರಡೂ ತುದಿಯಿಂದ ಕರೆಂಟು ಬರಬಹುದು. ಹಳ್ಳಿಯ ಫೀಡರಿಗೂ ಯಾರದೋ ಜನರೇಟರಿನಿಂದ ಉಲ್ಟಾ ಬರಬಹುದು. ಹಾಗಾಗಿ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಬೀಳಬೇಕು. ಸಂಜೆ ಅಷ್ಟೂ ರಾಡನ್ನು ಎಣಿಸಿ ಇಳಿಸಬೇಕು, ಕಂಬ ಏರಿದ ಅಷ್ಟೂ ಜನರನ್ನು ಎಣಿಸಬೇಕು. ಒಂದು ರಾಡ್ ಉಳಿದಿರುವಾಗ ಲೈನ್ ಚಾರ್ಜ್ ಮಾಡಿದರೆ ಶಾರ್ಟ್ ಸರ್ಕ್ಯೂಟಿನ ಪೂರ್ತಿ ಕರೆಂಟು ನುಗ್ಗುತ್ತದೆ. ಲೆಕ್ಕ ಸರಿಹೋಗುವ ತನಕ, ಐದು ಹೊಡೆದು ಮುಕ್ಕಾಲು ತಾಸಾದರೂ, ಬ್ರೇಕರ್ ಹಾಕುವಂತಿಲ್ಲ. ಆ ಹೊತ್ತಿನಲ್ಲಿ ಸ್ಟೇಷನ್ನಿಗೆ ಫೋನ್ ಮಾಡಿ ‘ಯಾವಾಗ ಬಿಡ್ತೀರಿ’ ಎಂದು ನಾವು ಅವಸರ ಮಾಡಬಾರದು.