ಕಾಶಿಯ ಋತುಗಳೂ ನಮ್ಮ ಕೈತೋಟವೂ

ಮೂವತ್ತೆರಡು ವರ್ಷಕಾಲ ಮೈಸೂರು ಸೀಮೆಯ ಪಾಠಶಾಲೆಗಳಲ್ಲಿ ಹುಡುಗರಿಗೆ ಷಡೃತುಗಳನ್ನು ಬಾಯಿಪಾಠ ಮಾಡಿಸಿದವನು ನಾನು. ಚೈತ್ರ ವೈಶಾಖಗಳು ವಸಂತ, ಜ್ಯೇಷ್ಠ ಆಷಾಢಗಳು ಗ್ರೀಷ್ಮ ಎಂದು ಅವರು ಒಪ್ಪಿಸುತ್ತಿದ್ದರು, ನಾನು ತಲೆದೂಗುತ್ತಿದ್ದೆ. ಆಷಾಢದ ತುಂತುರು ಹೆಂಚಿನ ಮೇಲೆ ಬೀಳುತ್ತಿರುವಾಗ, ಚಳಿಗೆ ಶಾಲು ಹೊದ್ದುಕೊಂಡು, ಇದು ಗ್ರೀಷ್ಮ ಋತುವೆಂದು ಬೋಧಿಸುವ ಉಪಾಧ್ಯಾಯನನ್ನು ಒಬ್ಬ ಹುಡುಗನಾದರೂ ಪ್ರಶ್ನಿಸಲಿಲ್ಲ. ಪ್ರಶ್ನಿಸಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಹೇಮಂತಕ್ಕೂ ಶಿಶಿರಕ್ಕೂ ಭೇದವೇನೆಂಬುದೂ ನನಗೆ ಅಮರಕೋಶದಿಂದಾಚೆಗೆ ತಿಳಿದಿರಲಿಲ್ಲ. ಉತ್ತರ ದೊರೆತದ್ದು ನಿವೃತ್ತನಾದಮೇಲೆ, ಮಗನ ಉದ್ಯೋಗದ ನಿಮಿತ್ತ ನಾವು ದಂಪತಿಗಳು ಕಾಶಿಗೆ ಬಂದು ನೆಲಸಿದಾಗ. ಅದೂ ಗ್ರಂಥದಿಂದಲ್ಲ, ಮನೆಯ ಹಿಂದಣ ಇಪ್ಪತ್ತು ಅಡಿ ಅಗಲದ ಒಂದು ಹಿತ್ತಿಲಿನಿಂದ.

ಯಾತ್ರೆಗೆಂದು ಬಂದು ನಾಲ್ಕು ದಿನವಿದ್ದು ಹೋಗುವವರಿಗೆ ಹವೆಯ ವಿಚಾರ ಬೇಕಿಲ್ಲ. ಆದರೆ ಹನುಮಾನ್ ಘಾಟಿನ ಆಸುಪಾಸಿನಲ್ಲಿ ದಾಕ್ಷಿಣಾತ್ಯರು ಬಹುಕಾಲದಿಂದ ಮನೆಮಾಡಿಕೊಂಡಿದ್ದಾರೆ. ನಮ್ಮಂತೆ ಮಕ್ಕಳ ಹಿಂದೆ ಉತ್ತರದ ಊರುಗಳಿಗೆ ಹೋಗುವ ವೃದ್ಧರೂ ಈಗ ಕಡಮೆಯಲ್ಲ. ಅಂಥವರ ಉಪಯೋಗಕ್ಕಾಗಿ ನನ್ನ ತಪ್ಪುಗಳನ್ನು ಬರೆಯುತ್ತಿದ್ದೇನೆ.

ಮೈಸೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೨ ಡಿಗ್ರಿಗಳಲ್ಲಿದೆ. ಸಮುದ್ರಮಟ್ಟದಿಂದ ೭೫೦ ಮೀಟರಿಗೂ ಮೇಲಿನ ಪ್ರಸ್ಥಭೂಮಿ. ಕಾಶಿ ೨೫ ಡಿಗ್ರಿಯನ್ನು ದಾಟಿದೆ, ಎಂದರೆ ಕರ್ಕಾಟಕ ವೃತ್ತದಿಂದಾಚೆಗೆ. ಎತ್ತರ ೮೦ ಮೀಟರು ಮಾತ್ರ. ಸಮುದ್ರವೂ ದೂರ. ಆದಕಾರಣ ಇಲ್ಲಿ ಮೇ ತಿಂಗಳ ಮಧ್ಯಾಹ್ನ ೪೦ ಡಿಗ್ರಿಗೂ ಮೇಲೇರುವ ಉಷ್ಣಮಾನ ಜನವರಿಯ ರಾತ್ರಿಗಳಲ್ಲಿ ಹತ್ತಕ್ಕೂ ಕೆಳಗಿಳಿಯುತ್ತದೆ. ಭೂಗೋಳಶಾಸ್ತ್ರಜ್ಞರು ಇದನ್ನು ಆರ್ದ್ರ ಉಪೋಷ್ಣವಲಯದ ಹವೆಯೆನ್ನುತ್ತಾರೆ. ಹೆಸರಿನಲ್ಲಿ ಆರ್ದ್ರತೆಯಿರುವುದನ್ನು ನಂಬಿ ಬೇಸಗೆಯಲ್ಲಿ ಬಂದವನಿಗೆ ಬಾಯಿ ಒಣಗುವುದೊಂದೇ ಲಾಭ.

ನಾವು ಬಂದದ್ದು ವೈಶಾಖದಲ್ಲಿ. ರೋಹಿಣೀ ನಕ್ಷತ್ರಕ್ಕೆ ಸೂರ್ಯನು ಪ್ರವೇಶಿಸುವುದು ಮೇ ೨೫ರ ಸುಮಾರಿಗೆ. ರೋಹಿಣಿ ಮಳೆಯೆಂದರೆ ನಮ್ಮ ಸೀಮೆಯಲ್ಲಿ ಬಿತ್ತನೆಯ ಮಾತಲ್ಲವೆ? ಪಂಚಾಂಗ ನೋಡಿ, ಊರಿನಿಂದ ಗಂಟುಕಟ್ಟಿ ತಂದಿದ್ದ ಹುರುಳಿಕಾಯಿ, ದಂಟು, ಕೊತ್ತಂಬರಿ ಬೀಜಗಳನ್ನು ನೆನೆಹಾಕಿ ಪಾತಿಗೆ ಹಾಕಿದೆ. ಪಕ್ಕದ ಬಂಗಲೆಯ ಮಾಲಿ ಗೋಡೆಯ ಮೇಲಿಂದ ನೋಡಿ, “ಪಂಡಿತ್‌ಜೀ, ನೌತಪಾದಲ್ಲಿ ಬೀಜ ಬಿತ್ತುತ್ತೀರೋ, ಹುರಿಯುತ್ತೀರೋ?” ಎಂದು ಕೇಳಿದನು. ರೋಹಿಣಿಯ ಮೊದಲ ಒಂಬತ್ತು ದಿನಗಳಿಗೆ ಇಲ್ಲಿ ನೌತಪಾ ಎಂದು ಹೆಸರು. ವರ್ಷದಲ್ಲೆಲ್ಲ ಅತಿ ತೀವ್ರವಾದ ಬಿಸಿಲಿನ ಕಾಲವೆಂದು ಲೆಕ್ಕ. ಅದೇ ನಕ್ಷತ್ರ, ಅದೇ ಸೂರ್ಯ. ಒಬ್ಬರಿಗೆ ನೀರು, ಮತ್ತೊಬ್ಬರಿಗೆ ಬೆಂಕಿ! ಮೊಳೆತ ನಾಲ್ಕಾರು ಸಸಿಗಳೂ ಮೂರು ದಿನಗಳಲ್ಲಿ ಸುಟ್ಟ ಕಾಗದದಂತಾದುವು.

ಗಾಳಿಯೂ ನನ್ನನ್ನು ವಂಚಿಸಿತು. ಪಡುವಣ ಗಾಳಿ ಮಳೆ ತರುವುದೆಂಬುದು ನಮ್ಮ ಹುಟ್ಟುನಂಬಿಕೆ. ಇಲ್ಲಿ ಪಡುವಣ ಗಾಳಿ ಮರುಭೂಮಿಯ ಕಡೆಯಿಂದ ಬರುವ ಒಣಗಾಳಿ. ಗ್ರೀಷ್ಮದಲ್ಲಿ ಅದೇ ‘ಲೂ’ ಎಂಬ ಬಿಸಿಗಾಳಿ. ಮಳೆ ತರುವುದು ಮೂಡಣ ಗಾಳಿ, ‘ಪುರವೈಯ್ಯಾ’. ಬಂಗಾಳ ಕೊಲ್ಲಿಯಿಂದೆದ್ದ ಮುಂಗಾರು ಹಿಮಾಲಯಕ್ಕೆ ತಾಗಿ, ಅದನ್ನು ದಾಟಲಾರದೆ, ಗಂಗಾಬಯಲಿನುದ್ದಕ್ಕೂ ಪಶ್ಚಿಮಕ್ಕೆ ತಿರುಗಿ ಬರುತ್ತದೆ. ಆದಕಾರಣವೇ ಈ ವಿಪರ್ಯಯ. ಪಶ್ಚಿಮದಲ್ಲಿ ಕಪ್ಪೇರಿದ್ದನ್ನು ನೋಡಿ ಮಳೆಯೆಂದು ಸಂಭ್ರಮಿಸಿ ಕೊಡವನ್ನು ಹೊರಗಿಟ್ಟೆವು. ಬಂದದ್ದು ಧೂಳಿನ ಬಿರುಗಾಳಿ. ಕೊಡ ತುಂಬ ಮಣ್ಣು.

ಬೇಸಗೆಯನ್ನು ಕಳೆಯುವ ವಿಧಾನವನ್ನು ಇಲ್ಲಿಯವರಿಂದಲೇ ಕಲಿಯತಕ್ಕದ್ದು. ಕಿಟಕಿಗೆ ಲಾವಂಚದ ತಡಿಕೆ ಕಟ್ಟಿ ನೀರು ಚಿಮುಕಿಸಿದರೆ ಕೋಣೆ ತಂಪಾಗುತ್ತದೆ, ಕಂಪೂ ಬರುತ್ತದೆ. ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ತಿರುಳನ್ನು ಕಿವಿಚಿ, ಉಪ್ಪು, ಬೆಲ್ಲ, ಹುರಿದ ಜೀರಿಗೆ ಬೆರಸಿದ ಪಾನಕವನ್ನು ಕುಡಿಯದೆ ಯಾರೂ ಹೊರಗೆ ಹೊರಡುವುದಿಲ್ಲ. ಗಿಡಗಳಿಗೆ ಪಡುವಣ ದಿಕ್ಕಿಗೆ ತಡಿಕೆಯಿರಬೇಕು. ನೀರು ಸಂಜೆ ಹೊತ್ತು. ಆ ಉರಿಯಲ್ಲಿಯೇ ನಮ್ಮ ದುಂಡುಮಲ್ಲಿಗೆ, ಇಲ್ಲಿ ‘ಬೇಲಾ’ ಎನ್ನುವುದು, ಕೊಂಬೆಕೊಂಬೆಗೂ ಹೂವಾಗುತ್ತದೆ. ಮೊದಲ ವರ್ಷ ನನ್ನ ಮನೆಯಾಕೆಗೆ ಈ ಊರಿನಲ್ಲಿ ಹಿತವೆನಿಸಿದ್ದು ಅದೊಂದೇ.

ಆಕೆಯ ವಿಷಯವನ್ನು ಹೇಳಲೇಬೇಕು. ಮೈಸೂರಿನ ಮನೆಯ ಕರಿಬೇವಿನ ಬುಡದಲ್ಲಿ ಹುಟ್ಟಿದ ಒಂದು ಗೇಣು ಸಸಿಯನ್ನು ಡಬ್ಬದಲ್ಲಿ ನೆಟ್ಟು, ಎರಡು ರಾತ್ರಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಹಿಂದಿ ಬಾರದು, ನೆರೆಯವರ ಅಡಿಗೆ ಸೇರದು. ಆ ಸಸಿಯೊಂದಿಗೆ ಮಾತ್ರ ಕನ್ನಡದಲ್ಲಿ ಮಾತು.

ಆರ್ದ್ರಾ ಪ್ರವೇಶದ ಸುಮಾರಿಗೆ, ಜೂನ್ ಮೂರನೆಯ ವಾರದ ಹೊತ್ತಿಗೆ, ಇಲ್ಲಿ ಮುಂಗಾರು ಇಳಿಯುತ್ತದೆ. ವರ್ಷಕ್ಕೆ ಬೀಳುವ ಸುಮಾರು ೧೦೦ ಸೆಂಟಿಮೀಟರ್ ಮಳೆಯಲ್ಲಿ ಬಹುಪಾಲು ಸೆಪ್ಟೆಂಬರ್ ಮುಗಿಯುವುದರೊಳಗೆ ಸುರಿದುಹೋಗುವುದು. ನಮ್ಮಂತೆ ಏಪ್ರಿಲ್ ಮೇ ತಿಂಗಳ ಒಳ್ಳೆಯ ಮಳೆ ಇಲ್ಲ, ಹಿಂಗಾರೂ ಇಲ್ಲ. ಬೆಂಡೆ, ಹೀರೆ, ಹಾಗಲ, ಅವರೆ ಇವುಗಳನ್ನು ಆಗ ಹಾಕಬೇಕು. ಪಾತಿ ಎತ್ತರವಾಗಿರಬೇಕು, ಇಲ್ಲವಾದರೆ ಬೇರು ಕೊಳೆಯುವುದು. ಭಾದ್ರಪದದ ಹೊತ್ತಿಗೆ ಗಂಗೆ ಘಾಟಿನ ಸೋಪಾನಗಳನ್ನೆಲ್ಲ ನುಂಗುತ್ತಾಳೆ. ಅಪಾಯದ ಮಟ್ಟ ೭೧.೨೬ ಮೀಟರು, ೧೯೭೮ರಲ್ಲಿ ಆಕೆ ೭೩.೯೦ಕ್ಕೆ ಏರಿದ್ದಳು. ನೀರಿಳಿದ ಮೇಲೆ ಎದುರು ದಂಡೆಯ ಮರಳು ಹೊರಬೀಳುತ್ತದೆ. ಕವಿಗಳು ಶರತ್ಕಾಲಕ್ಕೆ ಹೇಳುವ ಕಾಶಪುಷ್ಪವು ಅಲ್ಲಲ್ಲಿ ಚಾಮರದಂತೆ ತೂಗುತ್ತದೆ. ಮನೆಯಂಗಳದಲ್ಲಿ ಬೆಳಗ್ಗೆ ಪಾರಿಜಾತ ಉದುರಿರುತ್ತದೆ. ಆ ಆಕಾಶವನ್ನು ನೋಡಿದಾಗ, ಕವಿಗಳು ಶರತ್ತನ್ನು ಏಕೆ ಅಷ್ಟು ಹೊಗಳಿದರೆಂಬುದು ನನಗೆ ಅರವತ್ತನೆಯ ವಯಸ್ಸಿನಲ್ಲಿ ಅರ್ಥವಾಯಿತು.

ಈ ಊರಿನ ನಿಜವಾದ ತೋಟದ ಕಾಲ ಆಗ ಆರಂಭ. ಹೂಕೋಸು, ಟೊಮ್ಯಾಟೊಗಳ ಒಟ್ಲನ್ನು ಮಳೆಗಾಲದ ಕೊನೆಯಲ್ಲಿಯೇ ಹಾಕಿರಬೇಕು. ದಸರಾ ಕಳೆದಮೇಲೆ ಆಲೂಗಡ್ಡೆ, ಬಟಾಣಿ, ಮೂಲಂಗಿ, ಪಾಲಕ್, ಚಳಿಗಾಲದ ಹೂಗಳು. ಮಾಲಿ, “ಕಾರ್ತಿಕ ಹುಟ್ಟಿದೊಡನೆ ಬಟಾಣಿ ಹಾಕಿರಿ” ಎಂದಿದ್ದನು. ನಾನು ದೀಪಾವಳಿಯ ಅಮಾವಾಸ್ಯೆ ಕಳೆಯಲೆಂದು ಕಾದೆ. ಇಲ್ಲಿ ಮಾಸವು ಪೂರ್ಣಿಮಾಂತವೆಂಬುದನ್ನು, ಶರತ್ಪೂರ್ಣಿಮೆಯ ಮರುದಿನವೇ ಇವರಿಗೆ ಕಾರ್ತಿಕ ಹುಟ್ಟುವುದೆಂಬುದನ್ನು, ಹುಡುಗರಿಗೆ ಪಾಠ ಹೇಳಿದ ನಾನೇ ಮರೆತಿದ್ದೆ! ಹದಿನೈದು ದಿನ ತಡವಾಯಿತು. ನೆರೆಯವರು ಕಾಯಿ ಸುಲಿಯುವಾಗ ನಮ್ಮಲ್ಲಿ ಹೂವು. ನಮ್ಮಲ್ಲಿ ಕಾಯಾಗುವಾಗ ಬೂದಿರೋಗ.

ಪುಷ್ಯಮಾಸದಲ್ಲಿ ಮಂಜು ಬಂತು. ನೆಲದಲ್ಲಿ ತೇವವಿದ್ದು, ದೀರ್ಘವಾದ ರಾತ್ರಿಯಲ್ಲಿ ಆಕಾಶ ತಿಳಿಯಾಗಿ, ಗಾಳಿ ನಿಂತುಹೋದರೆ, ತಣ್ಣಗಾದ ಭೂಮಿಯ ಮೇಲಣ ಆವಿ ಮೋಡವಾಗಿ ನೆಲಕ್ಕೇ ಅಂಟಿಕೊಳ್ಳುತ್ತದೆ. ಮೇಲಣ ಬೆಚ್ಚನೆಯ ಗಾಳಿ ಅದನ್ನು ಮುಚ್ಚಳದಂತೆ ಅದುಮಿಡುತ್ತದೆ. ಕೆಲವು ದಿನ ಸೂರ್ಯದರ್ಶನವೇ ಇಲ್ಲ. ಸಂಧ್ಯಾವಂದನೆಗೆ ಅರ್ಘ್ಯವನ್ನು ದಿಕ್ಕು ಊಹಿಸಿ ಬಿಡಬೇಕು. ಆಲೂಗಡ್ಡೆಗೆ ಆಗ ಅಂಗಮಾರಿ ರೋಗ ತಗಲುವ ಭಯ. ೧೮೪೫ರಲ್ಲಿ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದ ರೋಗ ಇದೇ. ಎಲೆ ನೆನೆಯುವಂತೆ ನೀರು ಹೊಯ್ಯಕೂಡದು, ಕಪ್ಪು ಮಚ್ಚೆ ಕಂಡ ಗಿಡವನ್ನು ಆ ದಿನವೇ ಕಿತ್ತು ದೂರಮಾಡಬೇಕು.

ನಮ್ಮ ಕರಿಬೇವು ಹಳದಿಯಾಗಿ, ಒಂದೊಂದೇ ಎಲೆ ಉದುರಿಸಿ, ಸಂಕ್ರಾಂತಿಯ ಹೊತ್ತಿಗೆ ಬರಿಯ ಕಡ್ಡಿಯಾಯಿತು. “ಈ ನೆಲ ನಮ್ಮನ್ನು ಒಲ್ಲದು. ನೀವು ಬೇಕಾದರೆ ಇರಿ, ನನ್ನನ್ನು ಊರಿಗೆ ಕಳುಹಿಸಿಬಿಡಿ” ಎಂದು ಆಕೆ ಎಳ್ಳುಬೆಲ್ಲ ಬೀರುವ ದಿನವೇ ಕಣ್ಣೊರಸಿಕೊಂಡಳು. ಮಗನ ಮುಖ ಸಣ್ಣದಾಯಿತು. ನಾನು ಟಿಕೆಟ್ಟಿನ ವಿಚಾರವನ್ನೂ ಮಾಡಿಸಿದೆ. ಕಡ್ಡಿಯನ್ನು ಕೀಳಲು ಹೋದಾಗ ಮಾಲಿ ಕೈ ಹಿಡಿದನು. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ಒಳಗಿನ ಹಸುರನ್ನು ತೋರಿಸಿ, “ಮಾತಾಜೀ, ಇದು ಸತ್ತಿಲ್ಲ, ಮಲಗಿದೆ. ಹೋಳಿಯವರೆಗೆ ತಾಳಿರಿ, ನೀರು ಕಡಮೆ ಮಾಡಿರಿ” ಎಂದನು. ಸಸಿಗೆ ಹುಲ್ಲಿನ ಗುಡಿಸಲು ಕಟ್ಟಿ ಆಗ್ನೇಯ ದಿಕ್ಕನ್ನು ಮಾತ್ರ ತೆರೆದಿಟ್ಟನು. ಚಳಿಗಾಲದ ಬೆಳಗಿನ ಬಿಸಿಲು ಬರುವುದು ಅತ್ತಲಿಂದ.

ಮಾಘದಲ್ಲಿ, ಪಂಚಾಂಗದ ಶಿಶಿರದಲ್ಲಿಯೇ, ವಸಂತಪಂಚಮಿ. ಊರ ಹೊರಗೆ ಸಾಸಿವೆಯ ಹೊಲಗಳೆಲ್ಲ ಹಳದಿ. ಪಡುವಣ ಗಾಳಿಗೆ ಮರಗಳ ಎಲೆ ಉದುರಿತು, ಮಾವು ಹೂಬಿಟ್ಟಿತು. ಹೇಮಂತ, ಶಿಶಿರ, ವಸಂತ ಮೂರನ್ನೂ ಬೇರೆಬೇರೆಯಾಗಿ ಕಣ್ಣಾರೆ ಕಂಡೆ. ಹೋಳಿ ಕಳೆದು ಹತ್ತು ದಿನಕ್ಕೆ ಕಡ್ಡಿಯ ಗಿಣ್ಣಿನಲ್ಲಿ ಸಾಸಿವೆಕಾಳಿನಷ್ಟು ಕೆಂಪುಹಸುರು ಚಿಗುರು ಕಾಣಿಸಿತು. ಮೊದಲು ಕಂಡವಳು ಆಕೆ. ಒಲೆಯ ಮೇಲಿನ ಹಾಲನ್ನು ಉಕ್ಕಲು ಬಿಟ್ಟು ನನ್ನನ್ನು ಕೂಗಿದಳು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಇದು ನಮ್ಮ ಮೂರನೆಯ ಚಳಿಗಾಲ. ಹುಲ್ಲಿನ ಗುಡಿಸಲನ್ನು ಈ ಸಲ ನಾನು ಕಟ್ಟಿದೆ. ಬಾಗಿಲು ಈಶಾನ್ಯಕ್ಕಾಯಿತೆಂದು ಆಕೆ ಬಿಚ್ಚಿ ತಾನೇ ಕಟ್ಟಿದಳು. ಗಿಡ ಈಗ ಎದೆಯೆತ್ತರ. ಬುಡದಲ್ಲಿ ಎರಡು ಮರಿಗಳೆದ್ದಿದ್ದುವು; ಒಂದನ್ನು ಮಳೆಗಾಲದಲ್ಲಿ ಮಾಲಿಯ ಮನೆಗೆ ಕೊಟ್ಟೆವು. ಇದನ್ನು ಯಾವ ಪಲ್ಯಕ್ಕೆ, ಎಷ್ಟು ಹಾಕಬೇಕೆಂದು ಅವನ ಹೆಂಡತಿ ಮೊನ್ನೆ ಕೇಳಲು ಬಂದಿದ್ದಳು. ಇಬ್ಬರೂ ಅಡಿಗೆಯ ಮನೆಯಲ್ಲಿ ಬಹಳ ಹೊತ್ತು ಇದ್ದರು. ಯಾವ ಭಾಷೆಯಲ್ಲಿ ಮಾತನಾಡಿದರೋ ನನಗೆ ತಿಳಿಯದು.