ಕಿವಿ ಕೇಳದ ಹುಡುಗನ ನೊಬೆಲ್ ಮತ್ತು ಒಂದು ಸರ್ಕಾರಿ ಶಾಲೆ
ಸರ್ಕಾರಿ ಶಾಲೆಯಲ್ಲಿ ಓದಿ ನೊಬೆಲ್ ಗೆಲ್ಲಬಹುದಾ? ಬನ್ನಿ, ಸಿಡ್ನಿಗೆ ಹೋಗೋಣ.

ಇದು ಮೂರ್ ಪಾರ್ಕ್‌ನಲ್ಲಿರುವ ಸಿಡ್ನಿ ಬಾಯ್ಸ್ ಹೈಸ್ಕೂಲ್. ಶುರುವಾಗಿದ್ದು 1883ರಲ್ಲಿ. ಇಲ್ಲಿ 7ನೇ ತರಗತಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆಯಲ್ಲಿ ಗೆಲ್ಲಬೇಕು.

1930ರ ದಶಕದ ಆರಂಭದಲ್ಲಿ ಜಾನ್ ಕಾರ್ನ್‌ಫೋರ್ತ್ ಎಂಬ ಹುಡುಗ ಇಲ್ಲಿ ಓದುತ್ತಿದ್ದ. ದಿನೇ ದಿನೇ ಅವನ ಕಿವಿ ಮಂದವಾಗುತ್ತಿತ್ತು. ಪಾಠ ಕೇಳಿಸದಿದ್ದರೆ ಮುಂದಿನ ಬದುಕು ಹೇಗೆ? ಲೆನರ್ಡ್ ಬ್ಯಾಸರ್ ಎಂಬ ಮೇಷ್ಟ್ರು ಅವನಿಗೆ ರಸಾಯನಶಾಸ್ತ್ರದ ದಾರಿ ತೋರಿಸಿದರು. ಕಿವುಡುತನ ಅಲ್ಲಿ ಅಡ್ಡಿಯಾಗಲಿಲ್ಲ. 1975ರಲ್ಲಿ ಕಾರ್ನ್‌ಫೋರ್ತ್‌ಗೆ ನೊಬೆಲ್ ಬಂತು!

ಅದೇ ಮೇಷ್ಟ್ರ ಇನ್ನೊಬ್ಬ ಶಿಷ್ಯ ರಾಬರ್ಟ್ ಮೇ, ಮುಂದೆ ಲಂಡನ್ನಿನ ರಾಯಲ್ ಸೊಸೈಟಿಗೆ ಅಧ್ಯಕ್ಷರಾದರು. ಒಬ್ಬ ಶಾಲಾ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಗೌರವ ನನಗಂತೂ ಹೊಳೆಯುತ್ತಿಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿನ ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ಆದರೆ ದೋಣಿ ಸ್ಪರ್ಧೆ, ರಗ್ಬಿ, ಕ್ರಿಕೆಟ್‌ನಲ್ಲಿ ಈ ಶಾಲೆಯ ಹುಡುಗರ ಎದುರಾಳಿಗಳು ಭಾರಿ ಶುಲ್ಕದ ಖಾಸಗಿ ಶಾಲೆಗಳು. ಜಿಪಿಎಸ್ ಎಂಬ ಆ ಶಾಲೆಗಳ ಹಳೆಯ ಕ್ರೀಡಾ ಒಕ್ಕೂಟದಲ್ಲಿರುವ ಏಕೈಕ ಸರ್ಕಾರಿ ಶಾಲೆ ಇದೇ. ದೋಣಿಗಳೇನು ಅಗ್ಗವೇ? ಪೋಷಕರು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸುತ್ತಾರೆ. ದೇಣಿಗೆ ಕೊಡುತ್ತಾರೆ, ಶನಿವಾರದ ಪಂದ್ಯಗಳಿಗೆ ಬಂದು ದಡದಲ್ಲಿ ನಿಂತು ಕೂಗುತ್ತಾರೆ.